ಪ್ರಾಗ್‌ಗೋ, ಬುಡಾಪೆಸ್ಟ್‌ಗೋ: ಟಿಕೆಟ್ ಮಾಡಿಸುವ ಮೊದಲು ತೀರ್ಮಾನಿಸುವ ಬಗೆ

ಮಧ್ಯ ಯುರೋಪಿಗೆ ಹೊರಡಬೇಕೆನ್ನುವವರು ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಎರಡು ರಾಜಧಾನಿಗಳ ಮುಂದೆ: ಚೆಕ್ ಗಣರಾಜ್ಯದ ಪ್ರಾಗ್, ಹಂಗೇರಿಯ ಬುಡಾಪೆಸ್ಟ್. ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಕೂತರೆ ತೀರ್ಮಾನ ಆಗುವುದೇ ಇಲ್ಲ. ಎರಡೂ ಕಡೆ ಊರ ನಡುವೆ ನದಿ, ಗುಡ್ಡದ ಮೇಲೆ ಕೋಟೆ, ಹೆಸರಾಂತ ಸೇತುವೆ, ಹಳೆಯ ಯಹೂದಿ ಕೇರಿ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆ. ವ್ಯತ್ಯಾಸ ಇರುವುದು ದಿನ ಕಳೆಯುವ ರೀತಿಯಲ್ಲಿ. ಪ್ರಾಗ್ ನಡೆದು ನೋಡುವ ಊರು, ಅದರಲ್ಲೂ ಬೆಳಗಿನ ಜಾವ ಎದ್ದು ನಡೆಯುವವರಿಗೆ ತೆರೆದುಕೊಳ್ಳುವ ಊರು. ಬುಡಾಪೆಸ್ಟ್ ಟ್ರಾಮಿನಲ್ಲಿ ಕೂತು ನೋಡುವ, ಮಧ್ಯಾಹ್ನ ಬಿಸಿನೀರಿನ ಕೊಳಕ್ಕಿಳಿಯುವ, ದೀಪ ಹೊತ್ತಿದ ಮೇಲೆ ನದಿದಂಡೆಗೆ ಬರುವ ಊರು. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಮಧ್ಯಾಹ್ನ ಮೂರು ಗಂಟೆಗೆ ಕಾಲು ಸೋತಾಗ ನಿಮ್ಮ ಜೊತೆಗಿರುವವರಿಗೆ ಏನು ಬೇಕಾಗುತ್ತದೆ?

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ಹೆಚ್ಚಿನವರು ಅಗ್ಗದ ವಿಮಾನ ಟಿಕೆಟ್ ಕಂಡ ಕೂಡಲೇ ಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೋಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಹಂತ 1: ರಾತ್ರಿಗಳನ್ನು ಎಣಿಸಿ

ಬೆಂಗಳೂರಿನಿಂದ ಎರಡೂ ಊರಿಗೆ ನೇರ ವಿಮಾನ ಇಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಮ್ಮೆ ಬದಲಾಯಿಸಬೇಕು. ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಲೆಕ್ಕಕ್ಕಿಲ್ಲ ಎಂದೇ ತಿಳಿಯಿರಿ. ಏಳು ದಿನದ ರಜೆಯಲ್ಲಿ ಊರಿನಲ್ಲಿ ಮಲಗುವುದು ಐದು ರಾತ್ರಿ.

ಐದು ರಾತ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಊರು ಆರಿಸಿ. ಪ್ರಾಗ್‌ನಿಂದ ಬುಡಾಪೆಸ್ಟ್‌ಗೆ ಬ್ರ್ನೊ, ಬ್ರಾಟಿಸ್ಲಾವಾ ಮೂಲಕ ಹೋಗುವ ನೇರ ರೈಲಿಗೆ ಸುಮಾರು ಏಳು ಗಂಟೆ ಬೇಕು. ಪೆಟ್ಟಿಗೆ ಕಟ್ಟಿ, ಕೊಠಡಿ ಬಿಟ್ಟು, ರೈಲು ಹಿಡಿದು, ಇನ್ನೊಂದು ಹೋಟೆಲ್ ಸೇರುವಷ್ಟರಲ್ಲಿ ಒಂದು ಪೂರ್ತಿ ದಿನ ಹೋಗಿರುತ್ತದೆ. ಎಂಟು ರಾತ್ರಿ ಮೇಲ್ಪಟ್ಟಿದ್ದರೆ ಎರಡನ್ನೂ ನೋಡಿ, ಆಗ ಆಯ್ಕೆಯ ತಲೆನೋವೇ ಇರುವುದಿಲ್ಲ. ಹಾಗೆ ಹೋಗುವವರು ಒಂದು ಊರಿಗೆ ಇಳಿದು ಇನ್ನೊಂದು ಊರಿನಿಂದ ಮರಳುವ ಟಿಕೆಟ್ ಹುಡುಕಬೇಕು. ಎಮಿರೇಟ್ಸ್ ಮತ್ತು ಕತಾರ್ ಏರ್‌ವೇಸ್ ಎರಡೂ ಊರುಗಳಿಗೆ ಹಾರುವುದರಿಂದ ಇದು ಸುಲಭ. ಪ್ರಾಗ್ ಮೊದಲು, ಬುಡಾಪೆಸ್ಟ್ ಆಮೇಲೆ ಇಟ್ಟುಕೊಳ್ಳಿ. ನಡೆದು ದಣಿದ ಕಾಲಿಗೆ ಬಿಸಿನೀರು ಕೊನೆಗೆ ಸಿಗಲಿ.

ಆರು, ಏಳು ರಾತ್ರಿ ಇರುವವರೇ ಹೆಚ್ಚು ಎಡವುವುದು. ಅವರಿಗೆ ನಮ್ಮ ಸಲಹೆ: ಒಂದೇ ಊರಿನಲ್ಲಿದ್ದು ಸುತ್ತಲಿನ ಊರಿಗೆ ಹೋಗಿಬನ್ನಿ. ಪ್ರಾಗ್‌ನಿಂದ ಕುಟ್ನಾ ಹೊರಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಕಾರ್ಲ್‌ಷ್ಟೈನ್ ಕೋಟೆಗೆ ಮುಕ್ಕಾಲು ಗಂಟೆ. ಬುಡಾಪೆಸ್ಟ್‌ನ ಬಾತ್ಯಾನಿ ಚೌಕದಿಂದ ಹೊರಡುವ ಉಪನಗರ ರೈಲು ಸೆಂಟೆಂಡ್ರೆ ಎಂಬ ಪುಟ್ಟ ಊರನ್ನು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ಇನ್ನೂ ದೂರ ಹೋಗುವವರಿಗೆ ಬಾಲಾಟನ್ ಸರೋವರ ಇದೆ. ಅಲ್ಲಿಯ ಬಾಲಾಟನ್‌ಫ್ಯುರೆಡ್‌ನಲ್ಲಿ 1926ರಲ್ಲಿ ಚಿಕಿತ್ಸೆಗೆಂದು ಉಳಿದಿದ್ದ ರವೀಂದ್ರನಾಥ ಠಾಕೂರರ ಹೆಸರನ್ನೇ ದಂಡೆಯ ನಡಿಗೆ ದಾರಿಗೆ ಇಟ್ಟಿದ್ದಾರೆ.

ಹಂತ 2: ಜೊತೆಗೆ ಬರುವವರು ಯಾರು?

ತೀರ್ಮಾನದ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ.

ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ, ಅದರಲ್ಲೂ ಮಂಡಿನೋವು ಇದ್ದರೆ, ಬುಡಾಪೆಸ್ಟ್ ಆರಿಸಿ. ಪ್ರಾಗ್‌ನ ಹಳೆಯ ಪಟ್ಟಣ, ಕೋಟೆಯ ಕೆಳಗಿನ ಮಾಲಾ ಸ್ಟ್ರಾನಾ ಬಡಾವಣೆ, ಕೋಟೆಯ ಸುತ್ತು ಎಲ್ಲವೂ ಸಣ್ಣ ಚೌಕ ಕಲ್ಲುಗಳ ಹಾಸಿನ ಮೇಲಿವೆ. ಚಪ್ಪಟೆ ಅಟ್ಟೆಯ ಚಪ್ಪಲಿ ಹಾಕಿ ಇಡೀ ದಿನ ನಡೆದರೆ ಸಂಜೆಗೆ ಹಿಮ್ಮಡಿ, ಸೊಂಟ ಎರಡೂ ನೋಯುತ್ತವೆ. ಸೂಟ್‌ಕೇಸಿನ ಚಕ್ರವೂ ಅಲ್ಲಿ ಸರಿಯಾಗಿ ಉರುಳುವುದಿಲ್ಲ. ಮೆಟ್ರೊ ನಿಲ್ದಾಣಗಳು ಆಳದಲ್ಲಿವೆ. ನಾಮೆಸ್ಟಿ ಮಿರು ನಿಲ್ದಾಣ ನೆಲದಿಂದ 53 ಮೀಟರ್ ಕೆಳಗಿದೆ, ಎಸ್ಕಲೇಟರ್ ಉದ್ದಕ್ಕೂ ಇಳಿಯುತ್ತದೆ. ಎತ್ತರ ನೋಡಿ ತಲೆ ಸುತ್ತುವವರನ್ನು ಅಲ್ಲಿ ಒಬ್ಬರನ್ನೇ ಬಿಡಬೇಡಿ.

ಬುಡಾಪೆಸ್ಟ್‌ನಲ್ಲಿ ಪೆಸ್ಟ್ ಭಾಗ ಪೂರ್ತಿ ಸಮತಟ್ಟು. ಬುಡಾ ಗುಡ್ಡದ ಕೋಟೆಗೆ ಡೆಯಾಕ್ ಚೌಕದಿಂದ 16ನೇ ನಂಬರಿನ ಬಸ್ಸು ನೇರವಾಗಿ ಮೇಲಕ್ಕೆ ಹೋಗುತ್ತದೆ. 4 ಮತ್ತು 6ನೇ ಟ್ರಾಮುಗಳ ನೆಲ ತಗ್ಗಿನಲ್ಲಿದೆ, ಹತ್ತಿ ಇಳಿಯುವುದು ಸುಲಭ. ನದಿಯುದ್ದಕ್ಕೂ ಸಾಗುವ 2ನೇ ಟ್ರಾಮು ಮಾತ್ರ ಹಳೆಯ ಗಾಡಿ, ಬಾಗಿಲಲ್ಲಿ ಮೆಟ್ಟಿಲುಗಳಿವೆ. ಆದರೂ ಬಿಡಬೇಡಿ: ಯಾಸಾಯಿ ಮಾರಿ ಚೌಕದಲ್ಲಿ ಹತ್ತಿ ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿದರೆ ಸಂಸತ್ ಭವನ ದಾಟಿ ಡ್ಯಾನ್ಯೂಬ್, ಚೈನ್ ಸೇತುವೆ, ಕೋಟೆ ಎಲ್ಲ ಕೂತಲ್ಲೇ ಕಾಣುತ್ತವೆ.

ಹಾಗೆಂದು ಹಿರಿಯರಿಗೆ ಪ್ರಾಗ್ ಆಗುವುದೇ ಇಲ್ಲ ಎಂದಲ್ಲ. 22ನೇ ಟ್ರಾಮು ಹಿಡಿದು 'ಪ್ರಾಷ್‌ಸ್ಕಿ ಹ್ರಾಡ್' ನಿಲ್ದಾಣದಲ್ಲಿ ಇಳಿದರೆ ಹೆಚ್ಚು ಏರಿಲ್ಲದೆ ಕೋಟೆಯ ಉತ್ತರ ಬಾಗಿಲು ಸೇರಬಹುದು. ಕೆಳಗಿನಿಂದ ಮೆಟ್ಟಿಲು ಹತ್ತುವವರೇ ಅರ್ಧ ದಾರಿಯಲ್ಲಿ ಸುಸ್ತಾಗುವುದು. ಮರಳುವಾಗಲೂ ಅದೇ ಟ್ರಾಮು ಹಿಡಿಯಿರಿ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ.

ಚಿಕ್ಕ ಮಕ್ಕಳಿದ್ದರೆ ಲೆಕ್ಕ ತಿರುಗುತ್ತದೆ. ಬುಡಾಪೆಸ್ಟ್‌ನ ದೊಡ್ಡ ಆಕರ್ಷಣೆ ಬಿಸಿನೀರಿನ ಸ್ನಾನಗೃಹಗಳು; ಸೆಚೆನಿಯಂಥ ಹೆಸರುವಾಸಿ ಕಡೆಗಳಲ್ಲಿ 14 ವರ್ಷದೊಳಗಿನವರನ್ನು ಬಿಸಿ ಕೊಳಕ್ಕೆ ಬಿಡುವುದಿಲ್ಲ. ಬಾಗಿಲವರೆಗೆ ಹೋಗಿ ಮಕ್ಕಳ ಸಮೇತ ಮರಳಿ ಬರುವ ಕುಟುಂಬಗಳಿವೆ. ನೀರೇ ನಿಮ್ಮ ಕಾರಣವಾಗಿದ್ದರೆ ಮಕ್ಕಳು ದೊಡ್ಡವರಾಗುವವರೆಗೆ ಆ ಊರನ್ನು ಮುಂದೂಡಿ. ಪ್ರಾಗ್‌ನಲ್ಲಿ ಟ್ರೋಯಾದ ಮೃಗಾಲಯ, ವಲ್ಟಾವಾ ನದಿಯಲ್ಲಿ ತುಳಿದು ಓಡಿಸುವ ದೋಣಿ, ಪೆಟ್ರಿನ್ ಗುಡ್ಡದ ಕನ್ನಡಿ ಮನೆ, ಲೆಟ್ನಾದ ತಾಂತ್ರಿಕ ವಸ್ತುಸಂಗ್ರಹಾಲಯ, ಇಷ್ಟರಲ್ಲೇ ಎರಡು ದಿನ ಹೋಗುತ್ತದೆ. ಬುಡಾಪೆಸ್ಟ್ ಪರವಾಗಿ ಒಂದು ಮಾತು ಹೇಳಲೇಬೇಕು: ಬುಡಾ ಬೆಟ್ಟಗಳಲ್ಲಿ ಸುಮಾರು 11 ಕಿಲೋಮೀಟರ್ ಉದ್ದದ ಮಕ್ಕಳ ರೈಲು ಇದೆ. ಟಿಕೆಟ್ ಕೊಡುವವರು, ಸಿಗ್ನಲ್ ನೋಡುವವರು 10ರಿಂದ 14 ವರ್ಷದ ಶಾಲಾ ಮಕ್ಕಳು, ಎಂಜಿನ್ ಓಡಿಸುವವರು ದೊಡ್ಡವರು. ರೈಲಿನ ಹುಚ್ಚಿರುವ ಮಗುವಿಗೆ ಇದೊಂದೇ ಸಾಕು.

ಹಳೆಯ ಕಟ್ಟಡಗಳ ಆಸಕ್ತಿ ಇರುವವರಿಗೆ ಪ್ರಾಗ್. ಎರಡನೇ ಮಹಾಯುದ್ಧದಲ್ಲಿ ಅದು ಹೆಚ್ಚು ನಾಶವಾಗಲಿಲ್ಲ. 1357ರಲ್ಲಿ ಅಡಿಪಾಯ ಹಾಕಿದ ಚಾರ್ಲ್ಸ್ ಸೇತುವೆ, 1410ರ ಖಗೋಳ ಗಡಿಯಾರ ಇಂದಿಗೂ ಅಲ್ಲೇ ಇವೆ. ಬುಡಾಪೆಸ್ಟ್ 1944–45ರ ಮುತ್ತಿಗೆಯಲ್ಲಿ ನಲುಗಿತು, ಹಿಂದೆ ಸರಿದ ಜರ್ಮನ್ ಸೇನೆ ಡ್ಯಾನ್ಯೂಬ್ ಸೇತುವೆಗಳನ್ನೆಲ್ಲ ಉರುಳಿಸಿತು. ಇಂದು ಕಾಣುವುದು ಮುಖ್ಯವಾಗಿ 1873ರಲ್ಲಿ ಬುಡಾ, ಓಬುಡಾ, ಪೆಸ್ಟ್ ಒಂದಾದ ನಂತರದ ದಶಕಗಳ ವೈಭವ, ಮತ್ತು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದವರ ಶ್ರಮ.

ಹಂತ 3: ತಿಂಗಳು

ಮೇ, ಜೂನ್, ಸೆಪ್ಟೆಂಬರ್: ಎರಡೂ ಚೆನ್ನ. ಜುಲೈ, ಆಗಸ್ಟ್: ಬುಡಾಪೆಸ್ಟ್‌ನಲ್ಲಿ 30 ಡಿಗ್ರಿ ದಾಟುವ ದಿನಗಳು ಹೆಚ್ಚು, ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಎಸಿ ಇರುವುದಿಲ್ಲ. ಬುಕ್ ಮಾಡುವ ಮೊದಲು ಎಸಿ ಇದೆಯೇ ಎಂದು ಓದಿ ನೋಡಿ. ಪ್ರಾಗ್ ಸ್ವಲ್ಪ ತಂಪು, ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಚಾರ್ಲ್ಸ್ ಸೇತುವೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಆಗಸ್ಟ್ 20 ಹಂಗೇರಿಯ ರಾಷ್ಟ್ರೀಯ ಹಬ್ಬ. ನದಿಯ ಮೇಲೆ ಪಟಾಕಿ ಪ್ರದರ್ಶನ ಸೊಗಸು, ಕೊಠಡಿಗಳು ಮಾತ್ರ ದುಬಾರಿ.

ಡಿಸೆಂಬರಿನಲ್ಲಿ ಎರಡೂ ಕಡೆ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕ್ರಿಸ್‌ಮಸ್ ಸಂತೆಗಾಗಿ ಹೋಗುವವರಿಗೆ ಪ್ರಾಗ್‌ನ ಹಳೆಯ ಪಟ್ಟಣದ ಚೌಕಕ್ಕೆ ಸಮನಾದದ್ದು ಕಡಿಮೆ. ಜನವರಿ, ಫೆಬ್ರವರಿಯ ಕಡುಚಳಿಯಲ್ಲಾದರೆ ಯೋಚಿಸದೆ ಬುಡಾಪೆಸ್ಟ್ ಎನ್ನುತ್ತೇವೆ. ಹೊರಗೆ ಮಂಜು ಬೀಳುತ್ತಿರುವಾಗ ಸೆಚೆನಿಯ ತೆರೆದ ಕೊಳದಲ್ಲಿ 38 ಡಿಗ್ರಿವರೆಗಿನ ನೀರಿನಲ್ಲಿ ಕೂರುವ ಸುಖ ಪ್ರಾಗ್‌ನಲ್ಲಿ ಇಲ್ಲ. ಡಿಸೆಂಬರ್ 24ರಂದು ಬುಡಾಪೆಸ್ಟ್‌ನಲ್ಲಿದ್ದರೆ ಮಧ್ಯಾಹ್ನದ ನಂತರ ಬಸ್ಸು, ಟ್ರಾಮು ವಿರಳವಾಗುತ್ತವೆ, ಅಂಗಡಿ ಮುಚ್ಚುತ್ತವೆ. ಅಂದಿನ ಊಟವನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಹಂತ 4: ವೀಸಾ

ಎರಡೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಸಾಕು. ಅರ್ಜಿ ಯಾರಿಗೆ ಎನ್ನುವುದಕ್ಕೆ ಮಾತ್ರ ನಿಯಮವಿದೆ: ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ಎರಡರಲ್ಲೂ ಸಮ ದಿನವಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಿದ ಮಾತ್ರಕ್ಕೆ ಜರ್ಮನಿಗೆ ಅರ್ಜಿ ಹಾಕಬೇಕಿಲ್ಲ. ಆದರೆ ವಲಸೆ ತಪಾಸಣೆ ಅಲ್ಲೇ ನಡೆಯುತ್ತದೆ. ಈಗ ಹೊಸ ಗಡಿ ದಾಖಲೆ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆಯುವುದರಿಂದ ಸಾಲು ಉದ್ದ. ಷೆಂಗೆನ್ ನಗರದಲ್ಲಿ ಬದಲಾಯಿಸುವುದಾದರೆ ಎರಡೂವರೆ ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ಕೊಳ್ಳಬೇಡಿ.

ಬೇಕಾದದ್ದು: ಹತ್ತು ವರ್ಷದೊಳಗೆ ಕೊಟ್ಟ ಪಾಸ್‌ಪೋರ್ಟ್, ಮರಳುವ ದಿನದಿಂದ ಕನಿಷ್ಠ ಮೂರು ತಿಂಗಳ ಅವಧಿ ಬಾಕಿ, ಎರಡು ಖಾಲಿ ಪುಟ, ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ, ಪ್ರತಿ ರಾತ್ರಿಗೂ ಹೊಂದುವ ಹೋಟೆಲ್ ಬುಕಿಂಗ್, ಹೋಗಿಬರುವ ಟಿಕೆಟ್ ಕಾಯ್ದಿರಿಸಿದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆದಾಯ ತೆರಿಗೆ ದಾಖಲೆ, ರಜೆ ಮಂಜೂರಾತಿ ಪತ್ರ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಹಿಂದಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಕೊಡಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ. ಹಾಗಾಗಿ ಎರಡು ತಿಂಗಳಿಗಿಂತ ಕಡಿಮೆ ಉಳಿಸಿಕೊಳ್ಳಬೇಡಿ.

ತಿರಸ್ಕಾರಕ್ಕೆ ಮುಖ್ಯ ಕಾರಣ ದಾಖಲೆಗಳು ಒಂದಕ್ಕೊಂದು ಹೊಂದದಿರುವುದು. ಹೋಟೆಲ್ ನಾಲ್ಕು ರಾತ್ರಿಗೆ, ವಿಮೆ ಐದು ದಿನಕ್ಕೆ, ಟಿಕೆಟ್ ಏಳು ದಿನಕ್ಕೆ ಇದ್ದರೆ ಪ್ರಶ್ನೆ ಏಳುತ್ತದೆ. ಅರ್ಜಿಗೆ ಹತ್ತು ದಿನ ಮೊದಲು ಖಾತೆಗೆ ಒಮ್ಮೆಲೇ ತುಂಬಿದ ದೊಡ್ಡ ಮೊತ್ತವೂ ಅನುಮಾನ ಹುಟ್ಟಿಸುತ್ತದೆ.

ಮನಸ್ಸು ಇನ್ನೂ ಎರಡು ಊರಿನ ನಡುವೆ ತೂಗಾಡುತ್ತಿದ್ದರೆ, ಎರಡೂ ದೇಶಗಳ ಅರ್ಜಿ ಕೇಂದ್ರದ ದಿನಾಂಕಗಳನ್ನು ಒಂದೇ ಸಲ ತೆರೆದು ನೋಡಿ. ಯಾರ ಕಡೆ ಬೇಗ ದಿನ ಸಿಗುತ್ತದೋ ಆ ಊರನ್ನೇ ಆರಿಸುವುದು ತಪ್ಪಲ್ಲ. ದಿನ ಸಿಕ್ಕಿತೆಂದು ಹಂಗೇರಿಗೆ ಅರ್ಜಿ ಹಾಕಿ, ವೀಸಾ ಬಂದ ಮೇಲೆ ಹೋಟೆಲ್ ರದ್ದು ಮಾಡಿ ಪೂರ್ತಿ ರಜೆ ಪ್ರಾಗ್‌ನಲ್ಲಿ ಕಳೆಯುವುದು ತಪ್ಪು. ಗಡಿಯಲ್ಲಿ ಕೇಳಿದರೆ ಉತ್ತರವಿರುವುದಿಲ್ಲ, ಮುಂದಿನ ವೀಸಾಕ್ಕೂ ಅಡ್ಡಿಯಾದೀತು.

ಹಂತ 5: ಎಲ್ಲಿ ಉಳಿಯುವುದು

ಪ್ರಾಗ್‌ನಲ್ಲಿ ಹಳೆಯ ಪಟ್ಟಣದೊಳಗೆ ಕೊಠಡಿ ಬೇಕೆಂದು ಹಟ ಹಿಡಿಯಬೇಡಿ. ವಿನೊಹ್ರಾಡಿ, ಕಾರ್ಲಿನ್ ಬಡಾವಣೆಗಳಿಂದ ಮೆಟ್ರೊದಲ್ಲಿ ಕೆಲವೇ ನಿಮಿಷ. ಬಾಡಿಗೆ ಕಡಿಮೆ, ರಾತ್ರಿ ಗದ್ದಲವಿಲ್ಲ, ಊಟದ ಬೆಲೆಯೂ ಊರಿನವರ ಬೆಲೆ.

ಬುಡಾಪೆಸ್ಟ್‌ನ ಪಿನ್‌ಕೋಡಿನ ನಡುವಿನ ಎರಡು ಅಂಕಿಗಳು ಜಿಲ್ಲೆ ಯಾವುದೆಂದು ಹೇಳುತ್ತವೆ: 1051 ಎಂದರೆ ಐದನೇ ಜಿಲ್ಲೆ, 1065 ಆರನೆಯದು, 1072 ಏಳನೆಯದು. ಮೊದಲ ಸಲ ಹೋಗುವವರಿಗೆ, ಹಿರಿಯರಿರುವವರಿಗೆ ಐದನೇ ಜಿಲ್ಲೆ. ಏಳನೆಯದರಲ್ಲಿ ಬಾರ್‌ಗಳ ಗದ್ದಲ ನಸುಕಿನವರೆಗೆ ನಿಲ್ಲುವುದಿಲ್ಲ. ಆರನೇ ಜಿಲ್ಲೆ ತೆರೆಜ್‌ವಾರೊಷ್‌ನಲ್ಲಿ 2026ರ ಜನವರಿಯಿಂದ ಅಪಾರ್ಟ್‌ಮೆಂಟುಗಳ ಅಲ್ಪಾವಧಿ ಬಾಡಿಗೆಗೆ ನಿಷೇಧವಿದೆ. ಅಲ್ಲಿ ಉಳಿಯುವುದಾದರೆ ನೋಂದಾಯಿತ ಹೋಟೆಲ್ಲನ್ನೇ ಹಿಡಿಯಿರಿ.

ಹಂತ 6: ಹಣ, ಓಡಾಟ

ಎರಡೂ ದೇಶಗಳಿಗೆ ತಮ್ಮದೇ ನಾಣ್ಯವಿದೆ. ಒಂದು ಚೆಕ್ ಕೊರುನಾ ನಾಲ್ಕು ರೂಪಾಯಿಯ ಆಸುಪಾಸು. ಹಂಗೇರಿಯ ಫೋರಿಂಟ್ ಇದಕ್ಕೆ ತಿರುಗುಮುರುಗು, ಒಂದು ರೂಪಾಯಿಗೆ ಮೂರರಿಂದ ನಾಲ್ಕು ಬರುತ್ತದೆ. ಅಂಗಡಿಯವರು ಯೂರೊ ತೆಗೆದುಕೊಂಡರೂ ದರ ಅವರು ಹೇಳಿದ್ದೇ. ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಯಂತ್ರ 'ರೂಪಾಯಿಯಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಬೇಡವೆನ್ನಿ, ಕೊರುನಾ ಅಥವಾ ಫೋರಿಂಟ್ ಆರಿಸಿ. ರೂಪಾಯಿ ಆರಿಸಿದರೆ ಬಹಳ ಕೆಟ್ಟ ದರ ಹಾಕುತ್ತಾರೆ. ನಗದು ಬೇಕಾದರೆ ಪ್ರವಾಸಿ ಬೀದಿಯ ಬಿಡಿ ಎಟಿಎಂ ಬಿಟ್ಟು ಬ್ಯಾಂಕಿನ ಕಟ್ಟಡದಲ್ಲಿರುವ ಎಟಿಎಂಗೆ ಹೋಗಿ. ಪ್ರಾಗ್‌ನಲ್ಲಿ ಹಣ ಬದಲಾಯಿಸುವ ಅಂಗಡಿ ಮೋಸ ಮಾಡಿದೆ ಅನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ಹಿಂದಕ್ಕೆ ಹೋಗಿ; 1,000 ಯೂರೊವರೆಗಿನ ವಹಿವಾಟನ್ನು ರದ್ದು ಮಾಡಿಸುವ ಹಕ್ಕು 2019ರಿಂದ ಕಾನೂನಿನಲ್ಲೇ ಇದೆ.

ಪ್ರಾಗ್ ವಿಮಾನ ನಿಲ್ದಾಣದಿಂದ 59ನೇ ಟ್ರಾಲಿಬಸ್ಸಿನಲ್ಲಿ ನಾಡ್ರಾಜಿ ವೆಲೆಸ್ಲಾವಿನ್‌ವರೆಗೆ, ಅಲ್ಲಿಂದ ಹಸಿರು ಮೆಟ್ರೊ. ಊರಿನ ಸಾಮಾನ್ಯ ಟಿಕೆಟ್ ಇದಕ್ಕೂ ಆಗುತ್ತದೆ. ಕಾಗದದ ಟಿಕೆಟನ್ನು ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ಟಿಕೆಟ್ ಇಲ್ಲದಂತೆಯೇ, ದಂಡ ಖಚಿತ. ಆ್ಯಪ್ ಟಿಕೆಟ್ ಕೊಂಡ ಕ್ಷಣದಲ್ಲೇ ಚಾಲ್ತಿಗೆ ಬರುವುದಿಲ್ಲ, ಒಂದೆರಡು ನಿಮಿಷ ಹಿಡಿಯುತ್ತದೆ. ಗಾಡಿ ಹತ್ತುವ ಮೊದಲೇ ಒತ್ತಿಡಿ.

ಬುಡಾಪೆಸ್ಟ್‌ನಲ್ಲಿ 100ಇ ಬಸ್ಸು ವಿಮಾನ ನಿಲ್ದಾಣದಿಂದ ನೇರವಾಗಿ ಡೆಯಾಕ್ ಚೌಕಕ್ಕೆ ಬರುತ್ತದೆ. ಅದಕ್ಕೆ ಬೇರೆಯೇ ಟಿಕೆಟ್, 2,500 ಫೋರಿಂಟ್ ಆಸುಪಾಸು. 24 ಅಥವಾ 72 ಗಂಟೆಯ ಪಾಸ್ ಕೈಯಲ್ಲಿದ್ದರೂ ನಡೆಯುವುದಿಲ್ಲ. ಹೊಸಬರು ದಂಡ ತೆರುವುದು ಹೆಚ್ಚಾಗಿ ಇಲ್ಲೇ. ಪಾಸಿನಲ್ಲೇ ಹೋಗಬೇಕೆಂದರೆ 200ಇ ಬಸ್ಸು ಹಿಡಿದು ಕೊಬಾನ್ಯಾ-ಕಿಷ್‌ಪೆಸ್ಟ್‌ನಲ್ಲಿ ಮೂರನೇ ಮೆಟ್ರೊಗೆ ಬದಲಾಯಿಸಿ. 1896ರ ಒಂದನೇ ಮೆಟ್ರೊ ರಸ್ತೆಯಿಂದ ಕೆಲವೇ ಮೆಟ್ಟಿಲು ಕೆಳಗಿದೆ. ಅದರಲ್ಲಿ ಪ್ರಯಾಣ ಮಾಡುವುದೇ ಒಂದು ನೋಟ.

ಸ್ನಾನಗೃಹಕ್ಕೆ ಹೋಗುವವರು ಈಜುಡುಗೆ, ರಬ್ಬರ್ ಚಪ್ಪಲಿ, ಟವೆಲ್ ಊರಿನಿಂದಲೇ ಒಯ್ಯಿರಿ. ಹತ್ತಿಯ ಟೀಶರ್ಟ್, ಚೂಡಿದಾರ್‌ನಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಮೈ ಮುಚ್ಚುವ ಉಡುಗೆ ಬೇಕಾದವರು ಈಜು ಬಟ್ಟೆಯಲ್ಲೇ ಹೊಲಿದ ಪೂರ್ಣ ಉಡುಗೆ ಕೊಳ್ಳಬೇಕು. ಉದ್ದ ಈಜುವ ಕೊಳಕ್ಕೆ ತಲೆಗೆ ಟೋಪಿ ಕಡ್ಡಾಯ. ಅತಿ ಬಿಸಿ ಕೊಳದಲ್ಲಿ ಇಪ್ಪತ್ತು ನಿಮಿಷ ಸಾಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಹಳೆಯ ಮಾರ್ಗದರ್ಶಿಗಳು ಹೊಗಳುವ ಗೆಲ್ಲೆರ್ಟ್ ಸ್ನಾನಗೃಹ 2025ರ ಅಕ್ಟೋಬರಿನಿಂದ ದುರಸ್ತಿಗಾಗಿ ಮುಚ್ಚಿದೆ.

ಹಂತ 7: ಸಸ್ಯಾಹಾರಿಗಳು ನೋಡಿಕೊಳ್ಳಬೇಕಾದದ್ದು

ಎರಡೂ ಮಾಂಸದ ಅಡುಗೆಯ ಊರುಗಳೇ. ಬುಡಾಪೆಸ್ಟ್ ಸ್ವಲ್ಪ ಸಲೀಸು: ಕರಿದ ಲಾಂಗೊಷ್ ರೊಟ್ಟಿ, ತರಕಾರಿಯ ಗಟ್ಟಿ ಸಾರಿನಂಥ ಫೋಜೆಲೇಕ್, ತಣ್ಣನೆಯ ಹುಳಿ ಚೆರ್ರಿ ಸೂಪು, ಚೀಸ್ ತುಂಬಿದ ತೆಳು ಪದರದ ತಿಂಡಿ ರೇಟೆಷ್ ಸಿಗುತ್ತವೆ. ಫೋಜೆಲೇಕ್ ಮೇಲೆ ಮಾಂಸದ ತುಂಡು ಇಟ್ಟು ಕೊಡುವುದುಂಟು, ಹೇಳಿಯೇ ತೆಗೆಸಬೇಕು. ಚೀಸ್ ನೂಡಲ್ಸ್ ತುರೋಷ್ ಚುಸಾ ನೋಡಲು ನಿರಾಮಿಷ, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸಿರುತ್ತಾರೆ. 'ಸಲೊನ್ನಾ' ಎಂಬ ಪದ ಕಂಡರೆ ಬಿಡಿ. ಪ್ರಾಗ್‌ನಲ್ಲಿ ಅದೇ 'ಸ್ಲನಿನಾ'. ಪ್ರಾಗ್‌ನಲ್ಲಿ ಕರಿದ ಚೀಸ್, ಆಲೂಗಡ್ಡೆಯ ದೋಸೆಯಂಥ ಬ್ರಾಂಬೊರಾಕ್ ಸಿಗುತ್ತವೆ, ಕರಿದ ಎಣ್ಣೆ ಯಾವುದೆಂದು ಕೇಳಿ. ಎರಡೂ ಕಡೆ ತರಕಾರಿ ಸೂಪಿನ ತಳ ಮಾಂಸದ ರಸವೇ ಆಗಿರಬಹುದು. ಕಟ್ಟುನಿಟ್ಟಿನವರು ಅಡುಗೆಮನೆ ಇರುವ ಕೊಠಡಿ ಹಿಡಿದು ಅವಲಕ್ಕಿ, ರವೆ, ಚಟ್ನಿಪುಡಿ ಒಯ್ಯುವುದೇ ಸರಿ. ತುಪ್ಪ, ಹಾಲಿನ ಸಿಹಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ನಿಷೇಧವಿದೆ. ನಲ್ಲಿ ನೀರು ಎರಡೂ ಊರಿನಲ್ಲಿ ಕುಡಿಯಬಹುದು.

ಬುಡಾಪೆಸ್ಟ್ ಬಿಲ್ಲಿನಲ್ಲಿ ಶೇ 12ರಿಂದ 15ರ ಸೇವಾ ಶುಲ್ಕ ಸೇರಿದೆಯೇ ಎಂದು ನೋಡಿ, ಸೇರಿದ್ದರೆ ಮತ್ತೆ ಟಿಪ್ಸ್ ಬೇಕಿಲ್ಲ. ಪ್ರಾಗ್‌ನಲ್ಲಿ ಕೇಳದೆ ಮೇಜಿನ ಮೇಲಿಡುವ ಬ್ರೆಡ್ಡಿಗೂ ಬಿಲ್ ಬರುತ್ತದೆ.

ಹಂತ 8: ಮುಂಗಡ ಮಾಡುವ ಕ್ರಮ

ಊರು ತೀರ್ಮಾನವಾದ ಮೇಲೆ ಮೊದಲು ವೀಸಾ ಅರ್ಜಿಯ ದಿನ, ಆಮೇಲೆ ರದ್ದು ಮಾಡಬಹುದಾದ ಹೋಟೆಲ್, ಅದರ ದಿನಾಂಕಕ್ಕೆ ಸರಿಯಾಗಿ ಟಿಕೆಟ್, ಕೊನೆಗೆ ವಿಮೆ. ವೀಸಾ ಬಂದ ಮೇಲೆ ಪ್ರವೇಶ ಟಿಕೆಟುಗಳು. ಬುಡಾಪೆಸ್ಟ್ ಆರಿಸಿದವರು ಅವುಗಳಲ್ಲಿ ಮೊದಲು ಸಂಸತ್ ಭವನದ ಇಂಗ್ಲಿಷ್ ಸುತ್ತಿನ ಸಮಯ ಕಾಯ್ದಿರಿಸಿ. ಅದು ಬೇಗ ತುಂಬುತ್ತದೆ, ಯುರೋಪ್ ಒಕ್ಕೂಟದ ಹೊರಗಿನವರಿಗೆ ದರವೂ ಸುಮಾರು ದುಪ್ಪಟ್ಟು. ಪ್ರಾಗ್ ಆರಿಸಿದವರಿಗೆ ಅಷ್ಟು ಆತುರವಿಲ್ಲ: ಕೋಟೆಯ ಟಿಕೆಟ್ ಎರಡು ದಿನ ನಡೆಯುತ್ತದೆ, ಅಂಗಳಗಳಲ್ಲಿ ಓಡಾಡಲು ಟಿಕೆಟ್ಟೇ ಬೇಡ. ಯಹೂದಿ ವಸ್ತುಸಂಗ್ರಹಾಲಯ ಶನಿವಾರ ಮುಚ್ಚಿರುತ್ತದೆ. ವಾರಾಂತ್ಯಕ್ಕೆ ಹೋಗುವವರು ಅದನ್ನು ಶುಕ್ರವಾರವೇ ಮುಗಿಸಿಕೊಳ್ಳಿ, ಚಾರ್ಲ್ಸ್ ಸೇತುವೆಯನ್ನು ಯಾವ ದಿನವಾದರೂ ಬೆಳಿಗ್ಗೆ ಏಳರೊಳಗೆ ದಾಟಿಬಿಡಿ.